ದೋಣಿ ಎಂಜಿನ್ ಇದ್ದಕ್ಕಿದ್ದಂತೆ ಎಳೆಯದಿದ್ದರೆ ಮೊದಲು ಏನು ನೋಡಬೇಕು?

ಕೃಷಿ ಪುಟದಲ್ಲಿ ದೋಣಿಗೇನು ಕೆಲಸ ಅಂತ ಕೇಳಬಹುದು. ಕಾಪು, ಉಚ್ಚಿಲ, ಹೆಜಮಾಡಿ ಕಡೆ ತೆಂಗಿನ ತೋಟದ ಜೊತೆಗೆ ನಾಡದೋಣಿಯೂ ಇರುವ ಮನೆಗಳಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆಗ ಕಡಲಿಗಿಳಿಯುವುದು 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳು. ಮಳೆಗಾಲದ ಅಳಿವೆ ಬಾಯಲ್ಲಿ ಎಂಜಿನ್ ಸೋತರೆ ದೋಣಿ ಅಲೆಗೆ ಅಡ್ಡ ತಿರುಗಿ ಮಗುಚಬಹುದು. ಹಾಗಾಗಿ ದೋಷ ಹುಡುಕುವ ಕ್ರಮವನ್ನು ದಡದಲ್ಲೇ ಕಲಿತಿರಬೇಕು.

ಲಕ್ಷಣ ನೋಡದೆ ಗಿಡಕ್ಕೆ ಔಷಧಿ ಹೊಡೆಯುವುದಿಲ್ಲ ಅಲ್ವಾ? ಇಲ್ಲೂ ಅಷ್ಟೇ. ಕಾರ್ಬ್ಯುರೇಟರ್ ಬಿಚ್ಚುವುದು ಕೊನೆಯ ಕೆಲಸ.

1. ಸದ್ದು ಕೇಳಿ

ಎಂಜಿನ್ ಜೋರಾಗಿ ಕೂಗುತ್ತಿದೆ, ದೋಣಿ ಮಾತ್ರ ಮುಂದೆ ಹೋಗುತ್ತಿಲ್ಲ ಅಂದರೆ ದೋಷ ಪ್ರೊಪೆಲ್ಲರ್‌ನದ್ದು. ಒಳಗಿನ ರಬ್ಬರ್ ಜಾರುತ್ತಿರಬಹುದು. ನಡುವಿನ ಲೋಹದಿಂದ ಹೊರಭಾಗದವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದು ಓಡಿಸಿ. ಗೆರೆ ತಪ್ಪಿದ್ದರೆ ರಬ್ಬರ್ ಹೋಗಿದೆ.

ಸದ್ದೇ ತಗ್ಗಿದರೆ ಎಂಜಿನ್ ನಿಲ್ಲಿಸಿ, ಬಲೆ ಅಥವಾ ಹಗ್ಗ ಸುತ್ತಿದೆಯೇ ನೋಡಿ. ಇಲ್ಲವಾದರೆ ಮುಂದಿನ ಹಂತಕ್ಕೆ ಹೋಗಿ.

2. ಬಲ್ಬ್ ಒತ್ತಿ

ಎಂಜಿನ್ ಸೋಲುತ್ತಿರುವಾಗಲೇ ಇಂಧನ ಪೈಪಿನ ರಬ್ಬರ್ ಬಲ್ಬ್ ಒತ್ತಿ. ಕೂಡಲೇ ಚೇತರಿಸಿಕೊಂಡರೆ ಇಂಧನ ಸಾಕಷ್ಟು ಬರುತ್ತಿಲ್ಲ ಎಂದರ್ಥ. ಬಲ್ಬ್ ಚಪ್ಪಟೆಯಾಗಿದ್ದರೆ ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ಮುಚ್ಚಿದೆ ಅಥವಾ ಟ್ಯಾಂಕಿನ ಕಡೆ ಕಸ ಕಟ್ಟಿದೆ. ಚಪ್ಪಟೆಯಾಗಿಲ್ಲದಿದ್ದರೆ ಬಿರುಕು ಬಿಟ್ಟ ಪೈಪ್, ಫಿಲ್ಟರ್, ಪಂಪಿನ ಡಯಾಫ್ರಾಮ್ ನೋಡಿ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಹಾಳು ಮಾಡುತ್ತದೆ. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಗಾಜಿನ ಬಾಟಲಿಗೆ ಹಿಡಿದಿಡಿ. ಅಡಿಯಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ.

3. ಪ್ಲಗ್ ನೋಡಿ

ಎರಡು ಸಿಲಿಂಡರ್ ಇದ್ದರೆ ಎರಡೂ ಪ್ಲಗ್ ತೆಗೆದು ಹೋಲಿಸಿ. ಒಂದು ಮಾತ್ರ ಒದ್ದೆಯಾಗಿ ಕಪ್ಪಾಗಿದ್ದರೆ ಆ ಸಿಲಿಂಡರ್ ಉರಿಯುತ್ತಿಲ್ಲ. ಪ್ಲಗ್‌ಗಳನ್ನು ಅದಲುಬದಲು ಮಾಡಿ ಓಡಿಸಿ. ದೋಷ ಪ್ಲಗ್ ಜೊತೆ ಹೋದರೆ ಪ್ಲಗ್ ಬದಲಿಸಿ. ಅದೇ ಸಿಲಿಂಡರ್‌ನಲ್ಲಿ ಉಳಿದರೆ ಕಾಯಿಲ್ ಅಥವಾ ವಯರ್ ಪರೀಕ್ಷಿಸಬೇಕು.

ಸೀಮೆಎಣ್ಣೆ ಎಂಜಿನ್‌ಗಳಲ್ಲಿ ಮಸಿ ಬೇಗ ಕಟ್ಟುತ್ತದೆ. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತನ್ನಿ.

4. ನೀರಿನ ಚಿಲುಮೆ

ಎಂಜಿನ್ ಹಿಂದಿನಿಂದ ಚಿಮ್ಮುವ ನೀರು ಸಣ್ಣದಾದರೆ ಕೂಡಲೇ ನಿಲ್ಲಿಸಿ. ತೂತಿಗೆ ಸಪೂರ ತಂತಿ ಹಾಕಿ ನೋಡಿ. ಆದರೂ ಬಾರದಿದ್ದರೆ ಇಂಪೆಲ್ಲರ್ ಬದಲಿಸಬೇಕಾದೀತು. ಬಿಸಿಯಾದಾಗ ಸೋತು, ತಣಿದ ಮೇಲೆ ಸರಿಯಾಗುವ ಎಂಜಿನ್‌ಗೆ ರೇಸ್ ಕೊಡುತ್ತಾ ಹೋದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನೀರು ಚೆನ್ನಾಗಿ ಬರುತ್ತಿದ್ದರೆ ಬಿಸಿಗೆ ಕೈಕೊಡುವ ಕಾಯಿಲ್ ಮೇಲೆ ಸಂಶಯ ಇರಲಿ.

ತೋಟದವರಿಗೂ

ಕಾರ್ಕಳದ ಅಡಿಕೆ ತೋಟದ ಟೂ-ಸ್ಟ್ರೋಕ್ ಕಳೆ ಕೊಚ್ಚುವ ಯಂತ್ರಕ್ಕೂ ಇದೇ ಕ್ರಮ ಬಹುಪಾಲು ಸಲ್ಲುತ್ತದೆ: ಮುಚ್ಚಳದ ಗಾಳಿ ತೂತು, ಫಿಲ್ಟರ್, ಪ್ಲಗ್, ಸೈಲೆನ್ಸರ್‌ನ ಮಸಿ. ಬಲ್ಬ್ ಪರೀಕ್ಷೆ ಮಾತ್ರ ಅದಕ್ಕಿಲ್ಲ.

ಅಳಿವೆಗೆ ಮುನ್ನ

ಗಾಳಿ ತಿರುಪು ಮುಚ್ಚಿದ್ದರೂ ಎಂಜಿನ್ ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ. ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿದ ಮೇಲೆಯೇ ಸೋಲುವುದು. ದಡದಲ್ಲಿ ಸರಿ ಇದ್ದದ್ದು ಅಳಿವೆಯಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಹೊಳೆಯ ಒಳನೀರಿನಲ್ಲೇ ಹತ್ತು ನಿಮಿಷ ಓಡಿಸಿ, ಪೂರ್ತಿ ರೇಸ್ ಕೊಟ್ಟು ನೋಡಿ.

ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್, ತಂತಿ, ಹುಟ್ಟು, ಲಂಗರು ದೋಣಿಯಲ್ಲಿರಲಿ. ಲೈಫ್ ಜಾಕೆಟ್ ಮೈಮೇಲಿರಲಿ. ಅಲೆಯ ನಡುವೆ ಎಂಜಿನ್ ನಿಂತರೆ ಮೊದಲು ಹುಟ್ಟು ಹಾಕಿ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿಸಿ, ಲಂಗರು ಬಿಡಿ. ರಿಪೇರಿ ಆಮೇಲೆ.