ಅತ್ತೆಯ ಮಾತ್ರೆ ತಪ್ಪುವುದಿಲ್ಲ, ನನ್ನದು ಮರೆತೇಹೋಗುತ್ತದೆ

ಪ್ರಶ್ನೆ: ಮೇಡಂ, ನನಗೆ 47 ವರ್ಷ. ಎಂಟು ತಿಂಗಳ ಹಿಂದೆ ಬಿಪಿ 160/100 ಇದೆಯೆಂದು ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಒಮ್ಮೆ ಶುರುಮಾಡಿದರೆ ಸಾಯುವತನಕ ಬಿಡುವಂತಿಲ್ಲ ಎಂದು ಓರಗಿತ್ತಿ ಹೆದರಿಸಿದ್ದಾರೆ. ಅದಕ್ಕೇ ತಲೆನೋವು ಬಂದ ದಿನ ಮಾತ್ರ ನುಂಗುತ್ತೇನೆ. ಅತ್ತೆಗೆ ಸಕ್ಕರೆ ಕಾಯಿಲೆ. ಅವರ ಮಾತ್ರೆ ಒಂದು ಹೊತ್ತೂ ತಪ್ಪದಂತೆ ನಾನೇ ಕೊಡುತ್ತೇನೆ, ನನ್ನದು ಮರೆತೇಹೋಗುತ್ತದೆ. ಉಪ್ಪು ಕಡಿಮೆ ಮಾಡಿದರೆ ಸಾರು ಸಪ್ಪೆ ಎನ್ನುತ್ತಾರೆ. ನನ್ನೊಬ್ಬಳಿಗಾಗಿ ಬೇರೆ ಅಡುಗೆ ಮಾಡಲು ಸಂಕೋಚ. ಏನು ಮಾಡಲಿ?
– ಹೆಸರು ಬೇಡ, ತುಮಕೂರು

ಉತ್ತರ: ಇನ್ನೊಬ್ಬರ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡುವ ನಿಮಗೆ ಮರೆವಿನ ತೊಂದರೆ ಇಲ್ಲ. ಮನೆಯಲ್ಲಿ ಯಾರನ್ನೆಲ್ಲ ನೋಡಿಕೊಳ್ಳಬೇಕು ಎಂಬ ಲೆಕ್ಕದಲ್ಲಿ ನೀವು ನಿಮ್ಮನ್ನು ಸೇರಿಸಿಕೊಂಡಿಲ್ಲ, ಅಷ್ಟೇ. ಇವತ್ತೇ ನಿಮ್ಮ ಮಾತ್ರೆಯ ಹಾಳೆಯನ್ನು ಅತ್ತೆಯ ಮಾತ್ರೆ ಡಬ್ಬಿಯ ಪಕ್ಕದಲ್ಲಿಡಿ. ಅವರಿಗೆ ಕೊಡುವಾಗ ನೀವೂ ನುಂಗಿ. ‘ನಿನ್ನದಾಯ್ತಾ?’ ಎಂದು ಕೇಳುವ ಕೆಲಸವನ್ನು ಅತ್ತೆಗೇ ಒಪ್ಪಿಸಿ.

ತಲೆನೋವನ್ನು ನಂಬಿ ಕೂರಬೇಡಿ. ಬಿಪಿ ಏರಿದ್ದರೂ ಬಹಳ ಮಂದಿಗೆ ಏನೂ ಗೊತ್ತಾಗುವುದಿಲ್ಲ. ಹೃದಯ, ಮೂತ್ರಪಿಂಡ, ಮಿದುಳಿನ ರಕ್ತನಾಳಗಳು ಒಳಗೊಳಗೇ ಏಟು ತಿನ್ನುತ್ತಿರುತ್ತವೆ. ಲಕ್ವ ಹೊಡೆದ ಮೇಲಷ್ಟೇ ಬಿಪಿ ಇತ್ತೆಂದು ತಿಳಿಯುವವರೂ ಇದ್ದಾರೆ. ಮೇಲಾಗಿ, ದಿನವೂ ತೆಗೆದುಕೊಂಡರೇ ಈ ಮಾತ್ರೆಗಳು ಸರಿಯಾಗಿ ಕೆಲಸ ಮಾಡುವುದು.

ಓರಗಿತ್ತಿಯ ಮಾತು ಅರ್ಧ ನಿಜ. ಹೆಚ್ಚಿನವರು ವರ್ಷಗಟ್ಟಲೆ ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ. ಆದರೆ ಅದು ಮಾತ್ರೆ ಹಚ್ಚಿದ ಚಟವಲ್ಲ, ಕಾಯಿಲೆಯೇ ದೀರ್ಘಕಾಲದ್ದು. ಕನ್ನಡಕ ಹಾಕಿದ್ದರಿಂದ ಕಣ್ಣು ಮಂಜಾಯಿತು ಎಂದು ಯಾರೂ ದೂರುವುದಿಲ್ಲವಲ್ಲ! ತೂಕ ಇಳಿದು ಬಿಪಿ ಹತೋಟಿಯಲ್ಲಿ ನಿಂತರೆ ಡಾಕ್ಟರೇ ಡೋಸ್ ತಗ್ಗಿಸಬಹುದು. ಕಾಲು ಊದಿಕೊಂಡರೆ, ಒಣಕೆಮ್ಮು ಶುರುವಾದರೆ ನೀವಾಗಿಯೇ ನಿಲ್ಲಿಸಬೇಡಿ. ಹೇಳಿದರೆ ಮಾತ್ರೆ ಬದಲಿಸಿಕೊಡುತ್ತಾರೆ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆಗಳಲ್ಲಿ ಕೆಲವು ಬಿಪಿ ಏರಿಸುತ್ತವೆ, ಅದೂ ನೆನಪಿರಲಿ. ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಬಿಪಿ ಮಾತ್ರೆ ಉಚಿತವಾಗಿ ಕೊಡುತ್ತಾರೆ.

ಇನ್ನು ಸಾರಿನ ವಿಷಯ. ಬೇರೆ ಅಡುಗೆ ಬೇಡವೇ ಬೇಡ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ, ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರೆಲ್ಲರಿಗೂ. ಒಂದೇ ದಿನ ಅರ್ಧಕ್ಕಿಳಿಸಿದರೆ ಮನೆಯಲ್ಲಿ ಜಗಳವಾಗುತ್ತದೆ. ವಾರಕ್ಕಿಷ್ಟೆಂದು ಚಿಟಿಕೆ ಚಿಟಿಕೆಯಾಗಿ ಇಳಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ. ಸಪ್ಪೆ ಅನ್ನಿಸಿದರೆ ನಿಂಬೆಹುಳಿ ಹಿಂಡಿ, ಕರಿಬೇವು, ಇಂಗಿನ ಒಗ್ಗರಣೆ ಜೋರಾಗಿರಲಿ. ಉಪ್ಪು ಸಾರಿನಲ್ಲಷ್ಟೇ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಬೇಕರಿಯ ಖಾರದ ಬಿಸ್ಕತ್ತಿನಲ್ಲೂ ಸಾಕಷ್ಟಿದೆ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಡಾಕ್ಟರನ್ನು ಕೇಳದೆ ತರಬೇಡಿ. ಮೂತ್ರಪಿಂಡದ ತೊಂದರೆ ಇರುವವರಿಗೂ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೂ ಅದು ಆಗದು.

ಮನೆಯಲ್ಲಿ ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತುವ ಯಂತ್ರ ಒಳ್ಳೆಯದು. ಒಲೆ ಮುಂದಿನಿಂದ ಎದ್ದುಬಂದು ತಕ್ಷಣ ನೋಡಬೇಡಿ. ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ. ಮೂತ್ರಕ್ಕೆ ಹೋಗಿಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಾಡದೆ ಕುಳಿತುಕೊಳ್ಳಿ. ತೋಳು ಎದೆಯ ಮಟ್ಟಕ್ಕಿರಲಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಬಿಪಿ 180/120 ದಾಟಿ ಎದೆನೋವೋ ಉಬ್ಬಸವೋ ಬಂದರೆ 108ಕ್ಕೆ ಫೋನ್ ಮಾಡಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಬಿಪಿ ಎಷ್ಟೇ ಇರಲಿ, ಕಾಯಬೇಡಿ.

ದಿನವಿಡೀ ಮನೆಗೆಲಸ ಇರುತ್ತದೆ, ನಿಜ. ಆದರೂ ಅರ್ಧ ಗಂಟೆ ಚುರುಕಾಗಿ ನಡೆಯುವ ಹೊತ್ತನ್ನು ನಿಮಗೆಂದೇ ಇಟ್ಟುಕೊಳ್ಳಿ. ಆಗ ಕಾಫಿ ಬೆರೆಸುವ ಕೆಲಸ ಯಜಮಾನರದ್ದಾಗಲಿ.

ಎಲ್ಲಕ್ಕಿಂತ ಮೊದಲು ಡಾಕ್ಟರ ಬಳಿ ಹೋಗಿ, ಇಷ್ಟು ದಿನ ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ ಎಂದು ಮುಚ್ಚಿಡದೆ ಹೇಳಿ. ಬೈಸಿಕೊಂಡರೂ ಚಿಂತೆಯಿಲ್ಲ. ಹೇಳದಿದ್ದರೆ, ಕೊಟ್ಟ ಮಾತ್ರೆ ಸಾಲದೆಂದು ಅವರು ಇನ್ನೊಂದನ್ನು ಸೇರಿಸಿಯಾರು.