ಹೊಲಕ್ಕೆ ತಾರೀಖು ಹಚ್ಚಬೇಡ ತಮ್ಮಾ

ತಮ್ಮಾ, ನೀನು ಜಾಣ, ಅದರಲ್ಲಿ ಎರಡು ಮಾತಿಲ್ಲ. ಉಗಾರ ಸ್ಟೇಶನ್ನಿನಲ್ಲಿ ರೈಲು ಹತ್ತಿ ಹೋದವನು ಪೈಥಾನ್ ಕಲಿತು ಬಂದೆ. ಈಗ ಊರಿನ ಸೊಸೈಟಿಯವರು "ಕಬ್ಬಿನವರ ಯಾದಿ ಎಕ್ಸೆಲ್‌ನಾಗ ತೆಗೆದುಕೊಡಪಾ" ಅಂದರೆ ಚಹಾ ಆರುವುದರೊಳಗೆ ತೆಗೆದುಕೊಡುತ್ತೀ. ನನ್ನ ತಕರಾರು ಇರುವುದೇ ಆ ಅವಸರದ ಮೇಲೆ.

ಕೋಡ್ ಅಂದರೆ ಎಷ್ಟು? ಡೇಟಾಬೇಸಿಗೆ ಕನೆಕ್ಷನ್ ಕೊಡು, ಸೆಲೆಕ್ಟ್ ಬರೆ, ಪಾಂಡಾಸ್‌ಗೆ ಓದಲು ಹೇಳು, ಫೈಲಿಗೆ ಇಳಿಸು. ಏಳೆಂಟು ಸಾಲು. ಬರೆಯುವವರಿಗೆ ಬರವಿಲ್ಲ, ಬರೆದಾದ ಮೇಲೆ ಕೂತು ತಾಳೆ ನೋಡುವವರು ಸಿಗುವುದಿಲ್ಲ. ನಾವು ಕಿರ್ದಿ, ಖತಾವಣಿ ಕಾಲದವರು. ತೇರೀಜು ಕೂಡುವ ತನಕ ಸೆಕ್ರೆಟರಿ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲ. ಒಂದು ರೂಪಾಯಿ ಕಡಿಮೆ ಬಂದರೆ ಕಿಸೆಯಿಂದ ಹಾಕಿ ಸರಿ ಮಾಡುವಂತಿರಲಿಲ್ಲ, ಹೆಚ್ಚು ಬಂದರೂ ಹುಡುಕಲೇಬೇಕು. ನಿಮಗೋ, "ಎರರ್ ಬರಲಿಲ್ಲ ಅಜ್ಜಾ" ಅಂದರೆ ಕೆಲಸ ಮುಗಿಯಿತು. ಎರರ್ ಬಾರದ ತಪ್ಪೇ ನೋಡು ದೊಡ್ಡ ತಪ್ಪು.

ನಮ್ಮ ಹೊಲಗಳನ್ನೇ ತಗೋ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ರಿ.ಸ.ನಂ. 12/3 ಅಂತ ಇದೆ. ಡೇಟಾಬೇಸಿನಲ್ಲೂ ಹಾಗೇ ಇದೆ. ನೀನು ಸಿಎಸ್‌ವಿ ಮಾಡಿ ಕೊಟ್ಟೆ, ಅದರಲ್ಲೂ ಸರಿಯಾಗೇ ಇದೆ. ಆಫೀಸಿನಲ್ಲಿ ಯಾರೋ ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರು. ಎಕ್ಸೆಲ್ ಅದನ್ನು ಮಾರ್ಚ್ 12 ಅಂತ ತಿಳಿಯಿತು. ಕೇಳಲಿಲ್ಲ, ಹೇಳಲಿಲ್ಲ, ತಾರೀಖು ಮಾಡಿ ಕೂರಿಸಿತು. ಮೇಲೊಂದು ಸೇವ್ ಒತ್ತಿದರೆ ಆ ಹೊಲದ ನಂಬರು ಆ ಫೈಲಿನಿಂದ ಹೋದಂತೆಯೇ. ಎಲ್ಲ ನಂಬರಿಗೂ ಹೀಗಾದರೆ ಕಣ್ಣಿಗಾದರೂ ಬೀಳುತ್ತಿತ್ತು. 145/2 ಯಾವ ತಾರೀಖೂ ಆಗಲಾರದು, ಅದು ತೆಪ್ಪಗೆ ಇದ್ದಲ್ಲೇ ಇರುತ್ತದೆ. ನೀನು ಮೇಲಿನ ನಾಲ್ಕು ಸಾಲು ನೋಡಿ "ಬರೋಬರಿ ಐತಿ" ಅಂತೀ. ಅಂದಹಾಗೆ ಗಡಿಯಾಚೆ ಮಿರಜ ಕಡೆಯವರು ಉತಾರಕ್ಕೆ ಸಾತ್‌ಬಾರಾ ಅನ್ನುತ್ತಾರಲ್ಲ, ಆ 7/12 ಅನ್ನು ಬರೆದು ನೋಡು, ಡಿಸೆಂಬರ್ 7 ಆಗುತ್ತದೆ!

ದೊಡ್ಡ ದೊಡ್ಡ ವಿಜ್ಞಾನಿಗಳೂ ಇದಕ್ಕೆ ಕೈ ಮುಗಿದಿದ್ದಾರೆ. ಮನುಷ್ಯನ ಜೀನ್‌ಗಳಲ್ಲಿ ಕೆಲವಕ್ಕೆ 'ಮಾರ್ಚ್ 1', 'ಸೆಪ್ಟ್ 1' ಅಂತ ಹೆಸರಿದ್ದವು. ಎಕ್ಸೆಲ್ ಅವನ್ನೂ ತಾರೀಖು ಮಾಡಿತು. ಹೆಸರಿಡುವ ಸಮಿತಿ ಬೇಸತ್ತು 2020ರ ಹೊತ್ತಿಗೆ ಆ ಹೆಸರುಗಳನ್ನೇ ಬದಲಿಸಿತು. ನಾವು ಎಕ್ಸೆಲ್ ಸಲುವಾಗಿ ಸರ್ವೆ ನಂಬರು ಬದಲಿಸಲಾದೀತೇ? ಅದಕ್ಕೇ ಹೇಳುವುದು, ಸಿಎಸ್‌ವಿ ಬಿಡು, ನೇರವಾಗಿ ಎಕ್ಸ್‌ಎಲ್‌ಎಸ್‌ಎಕ್ಸ್ ಬರೆ. ಲೆಕ್ಕ ಮಾಡುವ ಅಂಕಣ ಮಾತ್ರ ಸಂಖ್ಯೆಯಾಗಿರಲಿ. ಹೊಲ, ಖಾತೆ, ಫೋನು, ಸದಸ್ಯ ನಂಬರು ಎಲ್ಲ ಟೆಕ್ಸ್ಟ್. ಅವನ್ನು ಯಾರಾದರೂ ಕೂಡಿಸಿ ಕಳೆಯುತ್ತಾರೇನು?

ಬ್ಯಾಂಕ್ ಖಾತೆಯ ವಿಷಯದಲ್ಲಂತೂ ಆಟ ಬೇಡ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಯವರೆಗೆ ಮಾತ್ರ ನೆನಪಿಡುತ್ತದೆ. 16 ಅಂಕಿಯ ಖಾತೆ ಕೊಟ್ಟರೆ ಕೊನೆಯದನ್ನು ಸೊನ್ನೆ ಮಾಡುತ್ತದೆ. ಮುಂದೆ ಸೊನ್ನೆ ಇದ್ದರೆ ಅದನ್ನು ನುಂಗುತ್ತದೆ. ಕಾರ್ಖಾನೆಗೆ ಕಬ್ಬು ಮುಟ್ಟಿದ 14 ದಿನದೊಳಗೆ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಬಿಲ್ಲು ತಡವಾಗಲು ಊರಲ್ಲಿ ಕಾರಣಗಳಿಗೆ ಬರವಿಲ್ಲ, ನಿನ್ನ ಶೀಟೂ ಒಂದು ಕಾರಣ ಆಗುವುದು ಬೇಡ.

ಇನ್ನು ಜಾಯಿನ್. ಇಲ್ಲಿ ಜಾಣರೇ ಜಾಸ್ತಿ ಬೀಳುತ್ತಾರೆ. ಒಬ್ಬ ರೈತನ ಸಾಲ 50,000, ಒಂದೇ ದಾಖಲೆ. ಅವನ ಹೊಲ ಮೂರು ಕಡೆ: ಶೇಡಬಾಳದಲ್ಲಿ ಒಂದು, ಮೋಳವಾಡದಲ್ಲಿ ಒಂದು, ಜುಗೂಳದ ಹೊಳೆದಂಡೆಗೆ ಒಂದು. ನೀನು ಸಾಲದ ಟೇಬಲನ್ನು ಹೊಲದ ಟೇಬಲಿಗೆ ಜೋಡಿಸಿದೆ. ಶೀಟಿನಲ್ಲಿ ಅವನದು ಮೂರು ಸಾಲು ಬಂತು, ಮೂರರ ಮುಂದೂ 50,000. ಕೆಳಗೆ ಕೂಡಿಸಿದವರಿಗೆ ಒಂದೂವರೆ ಲಕ್ಷ ಸಾಲ! ಆ ರೈತ ನಿನ್ನ ಮನೆ ಬಾಗಿಲಿಗೆ ಬಂದರೆ ಪಾಂಡಾಸ್ ಅಡ್ಡ ಬರುವುದಿಲ್ಲ. ಹೊಲಗಳ ಯಾದಿ ಬೇರೆ ಶೀಟಿನಲ್ಲಿ ಕೊಡು, ಇಲ್ಲವೇ ಮೊದಲು ರೈತನಿಗೊಂದು ಸಾಲು ಬರುವಂತೆ ಒಟ್ಟು ಮಾಡಿಕೊಂಡು ಆಮೇಲೆ ಜೋಡಿಸು.

ನಮ್ಮ ಕಾಗವಾಡ ಈಗ ತಾಲೂಕು, ಮೊದಲು ಅಥಣಿ ತಾಲೂಕಿನಲ್ಲಿತ್ತು, ಅದೂ ತಲೆಯಲ್ಲಿರಲಿ. ಹಳೇ ದಾಖಲೆಗಳಲ್ಲಿ ಉಗಾರ, ಐನಾಪುರ, ಮಂಗಸೂಳಿ ಎಲ್ಲ ಅಥಣಿ. "ತಾಲೂಕು ಕಾಗವಾಡ ಇದ್ದವರನ್ನಷ್ಟೇ ತೆಗೆ" ಅಂದರೆ ಹಳಬರೆಲ್ಲ ಬಿಟ್ಟುಹೋಗುತ್ತಾರೆ, ಹೊಸಬರು ಮಾತ್ರ ಬರುತ್ತಾರೆ. ಊರಿನ ಹೆಸರಿನಿಂದ ಹುಡುಕು. ಅದನ್ನೂ ಯಾರೋ ಕನ್ನಡದಲ್ಲಿ ಬರೆದಿರುತ್ತಾರೆ, ಯಾರೋ ಮರಾಠಿಯಲ್ಲಿ. ಹಳೇ ನುಡಿ ಫಾಂಟಿನಲ್ಲಿದ್ದರೆ ಯುನಿಕೋಡ್ ಮಾಡಿಕೊಂಡೇ ಇಳಿಸು, ಇಲ್ಲದಿದ್ದರೆ ಮಂತ್ರವಾದಿಯ ಚೀಟಿ ಬರುತ್ತದೆ.

ಸಾಲು ಎಣಿಸುವುದು ಸಣ್ಣ ಕೆಲಸ ಅನ್ನಬೇಡ. ಹಳೇ ಎಕ್ಸ್‌ಎಲ್‌ಎಸ್ ಫೈಲು 65,536 ಸಾಲಿಗೆ ನಿಲ್ಲುತ್ತದೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಇದರಿಂದಲೇ ಸುಮಾರು 16 ಸಾವಿರ ಕೊರೊನಾ ಪ್ರಕರಣ ಲೆಕ್ಕಕ್ಕೆ ಸಿಗದೆ ಉಳಿದವು. ಹೊಸ ಫೈಲಿಗೆ 10,48,576 ಸಾಲು ಹಿಡಿಯುತ್ತದೆ, ನಮ್ಮ ಸೊಸೈಟಿಗೆ ಧಾರಾಳವಾಯಿತು. ಆದರೂ ಡೇಟಾಬೇಸಿನಲ್ಲಿ ಎಷ್ಟು ಸಾಲು, ಎಷ್ಟು ಟನ್ನು, ಎಷ್ಟು ರೂಪಾಯಿ ಅಂತ ಬೇರೆಯಾಗಿ ಕೇಳಿಕೋ. ಶೀಟಿನಲ್ಲೂ ಅಷ್ಟೇ ಇದೆಯೋ ನೋಡು. ಆ ಮೂರು ಅಂಕಿ, ತಾರೀಖು, ನಿನ್ನ ಕ್ವೆರಿ ಎಲ್ಲ ಎರಡನೇ ಶೀಟಿನಲ್ಲಿ ಇಡು. ಫೈಲಿಗೆ 'ಫೈನಲ್', 'ಫೈನಲ್ 2' ಅಂತ ಹೆಸರಿಡುವ ಚಟ ಬಿಡು. ಡೇಟಾಬೇಸಿಗೆ ಹೋಗುವಾಗ ಓದಲಷ್ಟೇ ಬರುವ ಯೂಸರ್ ಕೇಳಿ ಇಸಿದುಕೋ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ನಿನ್ನ ಕೈ ತುಸು ಚುರುಕು, ಅದಕ್ಕೆ.

ಎಲ್ಲ ಸರಿಹೋದ ಮೇಲೆ ಒಂದು ಪ್ರತಿ ಪ್ರಿಂಟ್ ತೆಗೆದು ಸೊಸೈಟಿಯ ಹಳೇ ಸಿಪಾಯಿಯ ಮುಂದೆ ಹಿಡಿ. ಕಂಪ್ಯೂಟರ್ ಮುಟ್ಟಿದವನಲ್ಲ. ಆದರೆ ಊರಿನ ಪ್ರತಿ ಮನೆ ಗೊತ್ತು. ಬೆರಳಿಟ್ಟು ಓದುತ್ತಾ ಹೋದವನು ಎಲ್ಲೋ ನಡುವೆ ನಿಂತು ಕೇಳುತ್ತಾನೆ: "ಇವರು ತೀರಿಕೊಂಡು ಎರಡು ಹಂಗಾಮು ಆತಲ್ಲೋ, ವಾರಸಾ ಇನ್ನೂ ಆಗಿಲ್ಲೇನು? ಬಿಲ್ಲು ಯಾರ ಖಾತೇಕ ಹಾಕಾವ್ರದೀರಿ?"