ಲಕ್ಷಣವಿಲ್ಲದ ಕೊರೊನಾ ಸೋಂಕು: ನೀವೇನು ಮಾಡಬೇಕು?

ಜ್ವರ, ಕೆಮ್ಮು ಇಲ್ಲದಿದ್ದರೂ ಪರೀಕ್ಷೆಯಲ್ಲಿ ಕೊರೊನಾ ಸೋಂಕು ಕಂಡರೆ ಗಾಬರಿಯಾಗಬೇಡಿ, ಅಲಕ್ಷ್ಯವನ್ನೂ ಮಾಡಬೇಡಿ. ನಿಮ್ಮನ್ನು ಕಾಡದ ವೈರಾಣು ಮನೆಯ ಹಿರಿಯರ ಪ್ರಾಣಕ್ಕೆ ಕುತ್ತಾಗಬಹುದು. 2020ರ ಮಾರ್ಚ್‌ನಲ್ಲಿ ಈ ಸೋಂಕಿನಿಂದ ದೇಶದಲ್ಲೇ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರು.

ಲಕ್ಷಣವಿಲ್ಲದವರಿಗೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಆಂಟಿಬಯೋಟಿಕ್, ಸ್ಟೀರಾಯ್ಡ್ ಗುಳಿಗೆಗಳನ್ನು ನೀವಾಗಿಯೇ ನುಂಗಬೇಡಿ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ನಿಲ್ಲಿಸಬೇಡಿ.

ಕನಿಷ್ಠ 5 ದಿನ ಬೇರೆ ಕೋಣೆಯಲ್ಲಿರಿ. ಒಂದೇ ಕೋಣೆಯ ಮನೆಯಾದರೆ ಕಿಟಕಿ ತೆರೆದಿಟ್ಟು ಎಲ್ಲರೂ ಮಾಸ್ಕ್ ಧರಿಸಿ. ತಾಯಂದಿರು ಮಾಸ್ಕ್ ಧರಿಸಿ ಎದೆಹಾಲು ಕುಡಿಸಬಹುದು.

ವೃದ್ಧರು, ಗರ್ಭಿಣಿಯರು, ಕಲ್ಲುಗಣಿಯ ದೂಳಿನಲ್ಲಿ ದುಡಿದು ಶ್ವಾಸಕೋಶ ಕೆಟ್ಟವರು ಲಕ್ಷಣ ಕಾಣುವವರೆಗೆ ಕಾಯದೆ ವೈದ್ಯರಿಗೆ ತಿಳಿಸಿ. ಯಾರಿಗೇ ಆಗಲಿ, ಉಸಿರು ಕಟ್ಟಿದರೆ ಅಥವಾ ಆಮ್ಲಜನಕದ ಮಟ್ಟ 94ಕ್ಕಿಂತ ಇಳಿದರೆ ಕೂಡಲೇ ಆಸ್ಪತ್ರೆಗೆ ಬನ್ನಿ.